ಮಂಡಿಯ ಹೊರಬದಿ ನೋವಿಗೆ ನಾನು ಕೈ ಇಡುವ ಜಾಗ

ಓಡುವವರು, ಬೆಟ್ಟ ಹತ್ತುವವರು, ಸೈಕಲ್ ತುಳಿಯುವವರು ಈ ನೋವು ಹೇಳಿಕೊಂಡು ಬಂದಾಗ ಒಂದೇ ಬೆರಳಿಟ್ಟು ತೋರಿಸುತ್ತಾರೆ. ಮಂಡಿಯ ಹೊರಬದಿಯಲ್ಲಿ, ಕೀಲಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ತೊಡೆಮೂಳೆ ಉಬ್ಬಿಕೊಂಡಿರುವ ಕಡೆ. "ಇಲ್ಲೇ ಒತ್ತಿ" ಅನ್ನುತ್ತಾರೆ. ಮಸಾಜ್ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಅಲ್ಲೇ ಒತ್ತುತ್ತಿದ್ದೆ. ಹೆಬ್ಬೆರಳು ಸಾಲದಿದ್ದರೆ ಮೊಣಕೈ ಊರುತ್ತಿದ್ದೆ.

ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದ ಒಬ್ಬ ಹೆಣ್ಣುಮಗಳಿಗೂ ಹಾಗೇ ಮಾಡಿದೆ. ಮೊದಲು ಆಕೆಗೆ ನಾಲ್ಕನೇ ಕಿಲೋಮೀಟರಿಗೆ ನೋವು ಶುರುವಾಗುತ್ತಿತ್ತು. ಮೂರು ಸಲ ಮಸಾಜ್ ಆದ ಮೇಲೆ ಎರಡನೆಯದಕ್ಕೇ ಬಂತು. "ಈಗ ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ" ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮತ್ತೆ ಅಂಗರಚನೆಯ ಪುಸ್ತಕ ಹಿಡಿದು ಕೂತೆ.

ಐಟಿ (ಇಲಿಯೊಟಿಬಿಯಲ್) ಬ್ಯಾಂಡ್ ಎಂದು ಎಲ್ಲರೂ ಕರೆಯುವುದು ಒಂದು ದಪ್ಪ ನಾರುಪಟ್ಟಿ. ಸೊಂಟದ ಮೂಳೆಯ ಅಂಚಿನಿಂದ ತೊಡೆಯ ಹೊರಮೈಗುಂಟ ಇಳಿದು, ಮಂಡಿ ದಾಟಿ, ಕೆಳಗಿನ ದೊಡ್ಡ ಮೂಳೆಗೆ ಅಂಟಿಕೊಳ್ಳುತ್ತದೆ. ಅದು ಮೂಳೆಯ ಉಬ್ಬಿನ ಮೇಲೆ ಹಿಂದೆ ಮುಂದೆ ಉಜ್ಜುವುದರಿಂದ ನೋವು ಎಂದೇ ನಾನು ಕಲಿತಿದ್ದೆ. 2006ರಲ್ಲಿ ಪ್ರಕಟವಾದ ಒಂದು ಅಂಗರಚನಾ ಅಧ್ಯಯನ ಬೇರೆಯದೇ ಹೇಳಿತು. ಪಟ್ಟಿ ಅಲ್ಲಿ ತೊಡೆಮೂಳೆಗೆ ಎಳೆಎಳೆಯಾಗಿ ಕಟ್ಟಿಕೊಂಡಿರುತ್ತದೆ, ಅದರ ಅಡಿಯಲ್ಲಿ ನರ, ರಕ್ತನಾಳ ತುಂಬಿದ ಕೊಬ್ಬಿನ ಪದರ ಇರುತ್ತದೆ, ಮಂಡಿ ಸುಮಾರು 30 ಡಿಗ್ರಿ ಮಡಿಸಿದಾಗ ಆ ಕೊಬ್ಬು ಅದುಮಿಹೋಗುತ್ತದೆ ಎಂದು. ಮೊದಲೇ ಅದುಮಿ ಕೆರಳಿದ ಜಾಗವನ್ನು ನಾನು ಮೊಣಕೈಯಿಂದ ಮತ್ತೆ ಅದುಮುತ್ತಿದ್ದೆ. ಆಕೆಯ ನೋವು ಏರಿದ್ದು ಯಾಕೆಂದು ಆಗ ತಿಳಿಯಿತು.

ಇನ್ನೊಂದು ನಂಬಿಕೆಯನ್ನೂ ಬಿಡಬೇಕಾಯಿತು. ಪಟ್ಟಿಯನ್ನು ತಿಕ್ಕಿ ಉದ್ದ ಮಾಡಬಹುದು ಎಂಬುದು. ಇಂಥ ನಾರುಪದರವನ್ನು ಕೇವಲ 1% ಅದುಮಲು ಅಥವಾ ಸರಿಸಲು ಬೇಕಾದ ಬಲ ಮನುಷ್ಯನ ಕೈಗೆ ಮೀರಿದ್ದು ಎಂದು 2008ರ ಒಂದು ಗಣಿತ ಮಾದರಿ ತೋರಿಸಿತ್ತು. ಫೋಮ್ ರೋಲರ್ ಎಂಬ ಗಟ್ಟಿ ಸ್ಪಂಜಿನ ಉರುಳೆಯ ಮೇಲೆ ಹಲ್ಲು ಕಚ್ಚಿಕೊಂಡು ಉರುಳುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಪಟ್ಟಿ ತಾನಾಗಿ ಬಿಗಿಯುವುದಿಲ್ಲ, ಅದನ್ನು ಎಳೆದು ಹಿಡಿಯುವ ಸ್ನಾಯುಗಳು ಮೇಲಿವೆ. ಒಂದು, ಪ್ಯಾಂಟಿನ ಪಕ್ಕದ ಜೇಬಿನ ಬಾಯಿ ಬರುವ ಕಡೆ ಇರುವ ಚಿಕ್ಕ ಸ್ನಾಯು. ಇನ್ನೊಂದು, ಪೃಷ್ಠದ ದೊಡ್ಡ ಸ್ನಾಯು. ಈಗ ನನ್ನ ಹೆಚ್ಚಿನ ಸಮಯ ಅಲ್ಲೇ ಹೋಗುತ್ತದೆ. ನೋವಿರುವ ಕಾಲು ಮೇಲೆ ಬರುವಂತೆ ಪಕ್ಕಕ್ಕೆ ಮಲಗಿಸಿ, ಎರಡು ಮಂಡಿಗಳ ನಡುವೆ ದಿಂಬು ಇಡುತ್ತೇನೆ. ಎಣ್ಣೆ ಹನಿಯಷ್ಟು ಸಾಕು, ಹೆಚ್ಚಾದರೆ ಕೈ ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಅಂಗೈಯಿಂದ ಮೈ ಬೆಚ್ಚಗಾಗಿಸಿ, ಆಮೇಲೆ ಬೆರಳ ಗೆಣ್ಣಿನಿಂದ ನಿಧಾನವಾಗಿ ಇಳಿದು, ಬಿಗಿ ಸಿಕ್ಕಲ್ಲಿ ಅರ್ಧ ನಿಮಿಷ ನಿಲ್ಲುತ್ತೇನೆ. ಹತ್ತರಲ್ಲಿ ಐದಕ್ಕಿಂತ ಹೆಚ್ಚು ನೋವಾದರೆ ಹೇಳಿ ಎನ್ನುತ್ತೇನೆ. ಉಸಿರು ಬಿಗಿಹಿಡಿದರೆ ಅವರು ಹೇಳದಿದ್ದರೂ ಒತ್ತಡ ಇಳಿಸುತ್ತೇನೆ. ತೊಡೆಯ ಮೇಲೆ ಪಟ್ಟಿಯನ್ನು ಬಿಟ್ಟು ಅದರ ಮುಂದಿನ ಮತ್ತು ಹಿಂದಿನ ಅಂಚಿನ ಸ್ನಾಯುಗಳಿಗೆ ಕೈ ಹಾಕುತ್ತೇನೆ. ಮಂಡಿಯ ಕೆಳಗೆ ಹೊರಬದಿಯಲ್ಲಿ ಚಿಕ್ಕ ಮೂಳೆಯ ತಲೆ ಸಿಗುತ್ತದಲ್ಲ, ಅಲ್ಲಿ ಒತ್ತುವುದೇ ಇಲ್ಲ. ಅದರ ಕತ್ತನ್ನು ಸುತ್ತಿಕೊಂಡು ಚರ್ಮದ ಅಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದ ಮೇಲೆತ್ತುವುದೇ ಕಷ್ಟವಾಗಬಹುದು.

ಮಲಗಿಸುವ ಮೊದಲೂ ಎದ್ದ ಮೇಲೂ ಒಂದು ಗಿಡ್ಡ ಮೆಟ್ಟಿಲಿಂದ ಒಂಟಿಕಾಲಲ್ಲಿ ನಿಧಾನವಾಗಿ ಇಳಿಸುತ್ತೇನೆ. ನೋವು ಇಳಿದಿದ್ದರೆ ಅವರ ಮುಖದಲ್ಲೇ ಗೊತ್ತಾಗುತ್ತದೆ. ಆ ಹಗುರ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಇರುತ್ತದೆ. ಇದನ್ನು ಮುಚ್ಚಿಡಬಾರದು. ಆ ಬಿಡುವಿನಲ್ಲಿ ಪೃಷ್ಠದ ಪಕ್ಕದ ಸ್ನಾಯುಗಳಿಗೆ ಬಲ ತುಂಬಬೇಕು: ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಅದೇ ಮೆಟ್ಟಿಲಿಂದ ಇಳಿಯುವುದು. ಇಳಿಜಾರಿನ ಓಟ ಕೆಲಕಾಲ ಬೇಡ. ಹೆಜ್ಜೆ ಚಿಕ್ಕದು ಮಾಡಿ, ನಿಮಿಷದ ಹೆಜ್ಜೆ ಎಣಿಕೆಯನ್ನು 5ರಿಂದ 10% ಏರಿಸಿದರೆ ಮಂಡಿಯ ಮೇಲಿನ ಭಾರ ತಗ್ಗುತ್ತದೆ.

ಎಲ್ಲ ಹೊರಬದಿ ನೋವೂ ಇದಲ್ಲ. ಮಂಡಿ ಊದಿದ್ದರೆ, ತಿರುಚಿಕೊಂಡು ಬಿದ್ದ ಮೇಲೆ ನೋವು ಶುರುವಾಗಿದ್ದರೆ, ನಡೆಯುವಾಗ ಸಿಕ್ಕಿಕೊಂಡಂತೆ ಆಗಿ ಬಿಡದಿದ್ದರೆ ನಾನು ಮುಟ್ಟದೆ ವೈದ್ಯರ ಬಳಿ ಕಳಿಸುತ್ತೇನೆ. ಮೀನಖಂಡ ಊದಿ ಬಿಸಿಯಾಗಿದ್ದರೆ ಅದೇ ದಿನ ಹೋಗಲೇಬೇಕು, ರಕ್ತ ಹೆಪ್ಪುಗಟ್ಟಿದ ಕಾಲನ್ನು ತಿಕ್ಕುವುದು ಅಪಾಯ.

ಆ ಹೆಣ್ಣುಮಗಳಿಗೆ ನನ್ನ ತಪ್ಪನ್ನು ಹೇಳಿದೆ. ಆಕೆ ಮತ್ತೆ ಬಂದಳು. ಎರಡು ವಾರ ಮಂಡಿಯ ಹತ್ತಿರ ನನ್ನ ಕೈ ಹೋಗಲಿಲ್ಲ, ಸೊಂಟದ ಕೆಳಗಷ್ಟೇ ಕೆಲಸ. ಆರನೇ ವಾರ ಸಮತಟ್ಟು ದಾರಿಯಲ್ಲಿ ಐದು ಕಿಲೋಮೀಟರ್ ಓಡಿ ಬಂದು, ಏನೂ ಹೇಳದೆ ಆ ಗಿಡ್ಡ ಮೆಟ್ಟಿಲು ಹತ್ತಿ ಒಂಟಿಕಾಲಲ್ಲಿ ಇಳಿದು ತೋರಿಸಿದಳು.