ಕುಕ್ಕರ್ ವಿಷಲ್ಲಿಗೂ ಒಂದು ಟೈಮ್‌ಟೇಬಲ್

ಮೈಸೂರಲ್ಲಿ ಸೈಕಾಲಜಿಸ್ಟ್ ನಾನು, ಬರೋರಲ್ಲಿ ಆಟಿಸಂ ಇರೋ ಮಕ್ಕಳೇ ಜಾಸ್ತಿ. ಅಂಥ ಮಕ್ಕಳಲ್ಲಿ ಸುಮಾರು 40 ಪರ್ಸೆಂಟ್ ಮಕ್ಕಳಿಗೆ ಆಂಗ್ಸೈಟಿನೂ (ಅತಿಯಾದ ಆತಂಕ) ಇರತ್ತೆ ಅಂತ ಸ್ಟಡಿಗಳು ಹೇಳತ್ವೆ. ಮಂಡ್ಯದಿಂದ ಒಬ್ಬ ಹುಡುಗ ಬರ್ತಿದ್ದ, 11 ವರ್ಷ (ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದೀನಿ), ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೊಂಡು ಬೀದಿಗೆ ಓಡೋನು, ಅವರಮ್ಮ ಪಾಪ ಕುಕ್ಕರನ್ನ ಅಟ್ಟಕ್ಕೆ ಹಾಕಿ ಪಾತ್ರೇಲೇ ಅನ್ನ ಬಸಿಯೋರು. ಆದ್ರೂ ಭಯ ಕಮ್ಮಿ ಆಗ್ಲಿಲ್ಲ, ಮಿಕ್ಸಿಗೂ ಹಬ್ತು, ಕೊನೆಗೆ ಅಡುಗೆಮನೆಗೆ ಕಾಲಿಡೋದೇ ಬಿಟ್ಟ.

ಮೊದ್ಲು ಮಾನಸಗಂಗೋತ್ರಿ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ ಕಿವಿ ತೋರಿಸ್ಕೊಂಡು ಬನ್ನಿ ಅಂದೆ, ಯಾಕಂದ್ರೆ ಕೆಲವು ಮಕ್ಕಳಿಗೆ ಸದ್ದು ನಿಜವಾಗ್ಲೂ ಹಿಂಸೆ ಆಗತ್ತೆ, ಅದನ್ನ ಬರೀ ಭಯ ಅನ್ಕೊಂಡು ಅಭ್ಯಾಸ ಮಾಡ್ಸೋದು ತಪ್ಪು.

ಆಮೇಲೆ ನಗೋ ಮುಖ ಅಳೋ ಮುಖ ಇರೋ ಚಾರ್ಟ್ ತೋರಿಸಿ ಹೇಗನ್ನಿಸ್ತಿದೆ ಅಂದ್ರೆ, "ಇದಕ್ಕೆ ಒಂದು ಹುಬ್ಬಿಲ್ಲ" ಅಂದ. ಸರಿ, ಅವನಿಗೆ ರೈಲಿನ ಹುಚ್ಚು, ಅದಕ್ಕೇ ಭಯ ಎಷ್ಟಿದೆ ಅಂತ ಕೇಳೋ ಬದ್ಲು "ನಿನ್ನ ಗಾಡಿ ಈಗ ಎಷ್ಟು ಸ್ಪೀಡು?" ಅಂತ ಕೇಳ್ದೆ, ತಕ್ಷಣ "90" ಅಂದ! ಚಾಮುಂಡಿ ಎಕ್ಸ್‌ಪ್ರೆಸ್ ಪಕ್ಕದಲ್ಲೇ ಹಾರ್ನ್ ಹೊಡೆದ್ರೆ ನಗ್ತಾ ನಿಂತಿರ್ತಾನಂತೆ, ಅದು ಭಯ ಆಗಲ್ವಾ ಅಂದ್ರೆ "ಅದಕ್ಕೆ ಟೈಮ್ ಇದೆ" ಅಂದ. ಅಲ್ಲಿಗೆ ನಂಗೆ ಹೊಳೀತು, ಇವನಿಗೆ ಸದ್ದಲ್ಲ ಕಾಟ, ಯಾವಾಗ ಕೂಗತ್ತೋ ಗೊತ್ತಿಲ್ದೇ ಕಾಯೋದು.

ಅದಕ್ಕೇ ಅವನ ರೈಲಿನ ರೂಟಲ್ಲೇ ಮೆಟ್ಟಿಲು ಮಾಡಿದ್ವಿ, ಒಂದೊಂದು ಸ್ಟೇಷನ್ ಒಂದೊಂದು ಮೆಟ್ಟಿಲು. ಮಂಡ್ಯ ಅಂದ್ರೆ ಫೋನಲ್ಲಿ ರೆಕಾರ್ಡ್ ಮಾಡಿದ ವಿಷಲ್, ಸಣ್ಣ ವಾಲ್ಯೂಮ್, ಬಟನ್ ಒತ್ತೋದು ಅವನೇ. ಪಾಂಡವಪುರ ಅಂದ್ರೆ ವಾಲ್ಯೂಮ್ ಜಾಸ್ತಿ. ಶ್ರೀರಂಗಪಟ್ಟಣದಲ್ಲಿ ನಿಜವಾದ ಕುಕ್ಕರ್, ಅವನು ಜಗಲೀಲಿ. ನಾಗನಹಳ್ಳಿ ಅಡುಗೆಮನೆ ಬಾಗಿಲು, ಮೈಸೂರು ಒಲೆ ಪಕ್ಕ. ಸ್ಪೀಡ್ 40ರ ಕೆಳಗೆ ಇಳಿಯೋವರೆಗೂ ಗಾಡಿ ಮುಂದಕ್ಕೆ ಹೋಗಂಗಿಲ್ಲ. ಒಂದಿನ ನಾನೇ ಆತುರಪಟ್ಟು ಅವನ್ನ ಕೇಳ್ದೇನೇ ವಾಲ್ಯೂಮ್ ಏರಿಸ್ಬಿಟ್ಟೆ, ಟೇಬಲ್ ಕೆಳಗೆ ಹೋಗಿ ಕೂತೋನು ಸೆಷನ್ ಮುಗಿದ್ರೂ ಎದ್ದಿಲ್ಲ, ಮತ್ತೆ ಮಂಡ್ಯದಿಂದ ಹೊರಡೋಕೆ ಎರಡು ವಾರ ಹಿಡೀತು. ಮಾತ್ರೆ ಕೊಡಲ್ವಾ ಅಂತ ಅವರಪ್ಪ ಕೇಳ್ತಾನೇ ಇದ್ರು, ಅದು ಸೈಕಿಯಾಟ್ರಿಸ್ಟ್ ನಿರ್ಧಾರ, ಆದ್ರೆ ಆಟಿಸಂ ಮಕ್ಕಳ ಆಂಗ್ಸೈಟಿಗೆ ಮಾತ್ರೆ ಕೆಲ್ಸ ಮಾಡತ್ತೆ ಅನ್ನೋಕೆ ಪುರಾವೆ ಕಮ್ಮಿನೇ.

ನಾಗನಹಳ್ಳೀಲೇ ತಿಂಗಳಾನುಗಟ್ಟಲೆ ನಿಂತ್ವಿ. ಹೋದ್ ವಾರ ಅವರಮ್ಮ ಫೋನ್ ಮಾಡಿದ್ರು, ನೋಟ್‌ಬುಕ್ ಹಿಡ್ಕೊಂಡು ಒಲೆ ಪಕ್ಕ ನಿಂತಿದಾನಂತೆ, "ಮೊದಲ್ನೇ ವಿಷಲ್ 7.42, 3 ನಿಮಿಷ ಲೇಟ್" ಅಂತ ಬರ್ದು ಯಾಕೆ ಲೇಟು ಅಂತ ಅವರಮ್ಮನ್ನ ವಿಚಾರಣೆ ಮಾಡ್ತಿದಾನಂತೆ. ಗ್ಯಾಸ್ ಮುಗೀತಾ ಬಂದಿತ್ತು ಅಷ್ಟೇ.