ಕಾಡುಹಣ್ಣಿನ ದಾರಿ: ಸ್ವೀಡನ್, ನಾರ್ವೆ, ಆಮೇಲೆ ನಮ್ಮ ಬೆಟ್ಟ

ಶಿರಸಿ ಕಡೆ ಬೆಟ್ಟ ಅಂದರೆ ಬರೀ ಗುಡ್ಡವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಕಾಡಿನ ತುಂಡು. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ನಾನು ಅಂಥ ಒಂದು ಸೊಪ್ಪಿನ ಬೆಟ್ಟದ ಪಕ್ಕದಲ್ಲೇ ಬೆಳೆದವನು. ಕಾಡಿಗೆ ಕಾಲಿಡುವ ಮೊದಲು ಇದು ಯಾರ ಬೆಟ್ಟ ಎಂದು ಯೋಚಿಸುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

2025ರ ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸುತ್ತಿ ಬಂದೆವು. ಒಟ್ಟು 20 ರಾತ್ರಿ. ಹಿಮದ ಬೆಟ್ಟ, ಫಿಯೋರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರ), ಹಳೇ ಹಡಗು ಎಲ್ಲ ನೋಡಿದೆವು. ಆದರೆ ಬಂದವರೆಲ್ಲ ಹೇಗಿತ್ತು ಅಂತ ಕೇಳಿದಾಗ ನನಗೆ ಮೊದಲು ನೆನಪಾಗುವುದು ಒಂದು ಹಿಡಿ ಕಾಡುಹಣ್ಣು.

ತಯಾರಿ ಬಗ್ಗೆ ಹೇಳಿಬಿಡುತ್ತೇನೆ, ಹೋಗುವವರಿಗೆ ಬೇಕಾಗುತ್ತದೆ. ಟೂರ್ ಕಂಪನಿ ಜೊತೆ ಹೋಗಲಿಲ್ಲ. ಅವರ ಜೊತೆ ಹೋದರೆ ಊಟದ ಚಿಂತೆ ಇಲ್ಲ ನಿಜ, ಆದರೆ ಬೇಕಾದ ಕಡೆ ಸುಮ್ನೆ ಕೂರಲು ಆಗುವುದಿಲ್ಲ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಗೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ನಮ್ಮದು ಡೆನ್ಮಾರ್ಕ್‌ನಲ್ಲಿ 2 ರಾತ್ರಿ, ಸ್ವೀಡನ್‌ನಲ್ಲಿ 8, ನಾರ್ವೆಯಲ್ಲಿ 10. ಹಾಗಾಗಿ ನಾರ್ವೆಗೆ ಹಾಕಿದೆವು. ಶುಲ್ಕ ತಲೆಗೆ 90 ಯೂರೋ. 30,000 ಯೂರೋ ಚಿಕಿತ್ಸೆಗೆ ಆಗುವ ಪ್ರಯಾಣ ವಿಮೆ ಕಡ್ಡಾಯ. ರೈಲಿಗೆ ಯೂರೇಲ್ ಪಾಸ್ ತೆಗೆದುಕೊಂಡೆವು. ಇಂಟರ್‌ರೇಲ್ ಅನ್ನುವುದು ಅಲ್ಲಿ ವಾಸ ಇರುವವರಿಗೆ, ಅದನ್ನು ನಾವು ಕೊಳ್ಳುವ ಹಾಗಿಲ್ಲ. ಪಾಸ್ ಇದ್ದರೂ ರಾತ್ರಿ ರೈಲಿನ ಬರ್ತ್‌ಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಅದನ್ನು ಮಾತ್ರ ತಡ ಮಾಡಬೇಡಿ.

ನಾವಿಬ್ಬರೂ ಸಸ್ಯಾಹಾರಿಗಳು. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಂಡೆವು. ತುಪ್ಪದ ಡಬ್ಬಿ ಮಾತ್ರ ಮನೆಯಲ್ಲೇ ಬಿಡಬೇಕಾಯಿತು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿನಲ್ಲಿ ಅವಕಾಶ ಇಲ್ಲ. ಉಳಿದದ್ದು ಹಾಸ್ಟೆಲ್‌ಗಳ ಅಡುಗೆಮನೆಯಲ್ಲಿ ಆಯಿತು. ಸ್ವೀಡನ್ನಿನ ಅಂಗಡಿಗಳಲ್ಲಿ ಫಿಲ್‌ಮ್ಯೋಲ್ಕ್ ಅಂತ ಸಿಗುತ್ತದೆ. ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು. ಅನ್ನಕ್ಕೆ ಕಲಸಿ ಉಪ್ಪಿನಕಾಯಿ ನೆಂಚಿಕೊಂಡರೆ ಊರಿನ ಊಟವೇ. ಅಲ್ಲಿನ ಬೇಕರಿಗಳ ಮುಂದೆ ಹೋದರೆ ಏಲಕ್ಕಿ ಘಮ. ಏಲಕ್ಕಿ ಬನ್ ಅವರ ನಿತ್ಯದ ತಿಂಡಿ. ಅಡಿಕೆ ಮರದ ಬುಡದಲ್ಲಿ ಏಲಕ್ಕಿ ಬೆಳೆಸಿದ ಮನೆಯವನಿಗೆ ಆ ವಾಸನೆ ಸಿಕ್ಕಾಗ ಆದ ಖುಷಿ ದೊಡ್ಡದು.

ಕೋಪನ್‌ಹೇಗನ್‌ನಿಂದ ಸ್ಟಾಕ್‌ಹೋಮ್‌ಗೆ ರೈಲು. ಡೆನ್ಮಾರ್ಕ್, ಸ್ವೀಡನ್ ನಡುವಿನ ಸಮುದ್ರವನ್ನು ರೈಲು ಮೊದಲು ನೀರಿನಡಿಯ ಸುರಂಗದಲ್ಲಿ ದಾಟುತ್ತದೆ, ಆಮೇಲೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಕೊನೆಗೆ ಸುಮಾರು 8 ಕಿ.ಮೀ. ಉದ್ದದ ಸೇತುವೆ. 2000ದಲ್ಲಿ ತೆರೆದ ದಾರಿ ಇದು. ಕಿಟಕಿ ಪಕ್ಕದ ಜಾಗ ಸಿಕ್ಕರೆ ಬಿಡಬೇಡಿ.

ನಾವು ಸ್ಟಾಕ್‌ಹೋಮ್ ತಲುಪಿದ ಮರುದಿನ, ಜೂನ್ 20, ಮಿಡ್‌ಸೊಮ್ಮರ್ ಹಬ್ಬದ ಮುನ್ನಾದಿನ. ಅವರಿಗೆ ಅದು ವರ್ಷದ ದೊಡ್ಡ ಹಬ್ಬ. ನಾವು ಕ್ಯಾಲೆಂಡರ್ ನೋಡಿಕೊಂಡಿರಲಿಲ್ಲ. ಮಧ್ಯಾಹ್ನ ದಾಟುವಷ್ಟರಲ್ಲಿ ನಾವಿದ್ದ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಊರು ಖಾಲಿ. ಆವತ್ತು ಎರಡು ಹೊತ್ತೂ ಅವಲಕ್ಕಿಯೇ. ಸಂಜೆ ಸ್ಕಾನ್ಸೆನ್‌ಗೆ ಹೋದೆವು. 1891ರಲ್ಲಿ ಶುರುವಾದ ಬಯಲು ಮ್ಯೂಸಿಯಂ ಅದು. ಹಳ್ಳಿಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಎತ್ತರದ ಕಂಬಕ್ಕೆ ಸೊಪ್ಪು, ಹೂ ಸುತ್ತಿ ನಿಲ್ಲಿಸಿದ್ದರು. ತಲೆಗೆ ಹೂವಿನ ದಂಡೆ ಕಟ್ಟಿಕೊಂಡ ಅಜ್ಜಿಯರು, ಮಕ್ಕಳು ಸುತ್ತ ಕುಣಿದರು. ಒಬ್ಬರು ಅಜ್ಜಿ ನನ್ನ ಹೆಂಡತಿಯ ಕೈ ಹಿಡಿದು ಸಾಲಿಗೆ ಸೇರಿಸಿಕೊಂಡರು.

ಕಾಡುಹಣ್ಣು ಸಿಕ್ಕಿದ್ದು ಅದಾಗಿ ಎರಡು ದಿನಕ್ಕೆ. ಊರ ಹೊರಗೆ ಬಸ್ ಇಳಿದು ಕಾಡಿನ ದಾರಿಯಲ್ಲಿ ನಡೆಯುತ್ತಿದ್ದೆವು. ಪೈನ್ ಮರ, ಪಾಚಿ ಹಿಡಿದ ಬಂಡೆ. ಬಿಸಿಲು ಬೀಳುವ ದಂಡೆಯಲ್ಲಿ ಸಣ್ಣ ಸಣ್ಣ ಕಾಡು ಸ್ಟ್ರಾಬೆರಿ ಆಗಷ್ಟೇ ಕೆಂಪಾಗುತ್ತಿದ್ದವು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅಂಗಡಿಯ ಹಣ್ಣಿಗೆ ಆ ಪರಿಮಳ ಇಲ್ಲವೇ ಇಲ್ಲ. ಕೂತು ಹೆಕ್ಕಿದೆವು. ಅಷ್ಟರಲ್ಲಿ ತಿರುವಿನಲ್ಲಿ ನಾಯಿ ಜೊತೆ ಒಬ್ಬರು ವಯಸ್ಸಾದವರು ಬಂದರು. ಸ್ವಲ್ಪ ದೂರದಲ್ಲಿ ಕೆಂಪು ಬಣ್ಣದ ಮರದ ಮನೆ ಕಾಣುತ್ತಿತ್ತು. ಇವರದ್ದೇ ಜಾಗ ಇರಬೇಕು, ಬೈಯುತ್ತಾರೆ ಅಂದುಕೊಂಡು ನಾನು ತಟ್ಟನೆ ಎದ್ದು ನಿಂತೆ. ಕ್ಷಮಿಸಿ ಅಂದೆ. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ. "ಆ ಬಂಡೆ ಹಿಂದೆ ಹೋಗಿ, ಅಲ್ಲಿ ಇನ್ನೂ ಚೆನ್ನಾಗಿ ಹಣ್ಣಾಗಿದೆ" ಅಂದರು. ಹೋಗುವ ಮೊದಲು ಉದ್ದನೆಯ ಹುಲ್ಲುಕಡ್ಡಿ ಕಿತ್ತು, ಹಣ್ಣನ್ನು ಅದಕ್ಕೆ ಪೋಣಿಸುವುದು ಹೇಗೆ ಅಂತ ತೋರಿಸಿಕೊಟ್ಟರು. ಅಲ್ಲಿನ ಮಕ್ಕಳೆಲ್ಲ ಹಾಗೇ ಮಾಡುತ್ತಾರಂತೆ. ನಾವು ರೆಂಜೆ ಹೂ ಪೋಣಿಸಿದ ಹಾಗೆ.

ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಅದರ ಬಗ್ಗೆ ಓದಿದೆ. ಅಲೆಮಾನ್ಸ್‌ರೆಟ್ಟೆನ್ ಅನ್ನುತ್ತಾರೆ. ಎಲ್ಲರ ಹಕ್ಕು ಅಂತ ಅರ್ಥ. ಜಾಗ ಯಾರದ್ದೇ ಆಗಿರಲಿ, ಯಾರು ಬೇಕಾದರೂ ಕಾಡಲ್ಲಿ ನಡೆಯಬಹುದು, ಹಣ್ಣು, ಅಣಬೆ ಹೆಕ್ಕಬಹುದು. 1994ರಲ್ಲಿ ಇದು ಸ್ವೀಡನ್ನಿನ ಸಂವಿಧಾನಕ್ಕೂ ಸೇರಿತು. ನಾರ್ವೆಯಲ್ಲಿ 1957ರಿಂದ ಇದಕ್ಕೆ ಕಾನೂನಿದೆ. ಅಲ್ಲಿ ಮನೆಯಿಂದ 150 ಮೀಟರ್ ದೂರ ಇದ್ದರೆ ಟೆಂಟ್ ಕೂಡ ಹಾಕಬಹುದು. ಡೆನ್ಮಾರ್ಕ್‌ನಲ್ಲಿ ಇಷ್ಟು ಸಲೀಸಿಲ್ಲ. ಹಕ್ಕಿನ ಜೊತೆ ಕಟ್ಟುಪಾಡೂ ಇದೆ. ಮನೆಯಂಗಳಕ್ಕೆ ನುಗ್ಗುವಂತಿಲ್ಲ, ಬಿತ್ತಿದ ಹೊಲ ತುಳಿಯುವಂತಿಲ್ಲ, ಜೀವಂತ ಮರದ ರೆಂಬೆ ಮುರಿಯುವಂತಿಲ್ಲ, ತೊಗಟೆ ಸುಲಿಯುವಂತಿಲ್ಲ. ತೊಂದರೆ ಕೊಡಬೇಡ, ಹಾಳು ಮಾಡಬೇಡ, ಇಷ್ಟೇ ಅವರ ಶಾಲೆಮಕ್ಕಳೂ ಹೇಳುವ ಮಾತು. ರೆಂಬೆ ಮುರಿಯಬೇಡ ಅನ್ನುವುದನ್ನು ಓದುವಾಗ ನನಗೆ ನೆನಪಾಗಿದ್ದು ನಮ್ಮ ಬೆಟ್ಟದ ಹುಳಿಹಣ್ಣಿನ ಮರ, ಉಪ್ಪಾಗೆ. ಅದನ್ನು ಆಮೇಲೆ ಹೇಳುತ್ತೇನೆ.

ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ರಾತ್ರಿ ರೈಲು ಹತ್ತಿದೆವು. ಮರುದಿನ ಕಿರುನಾ ದಾಟಿತು. ಕಬ್ಬಿಣದ ಅದಿರಿನ ಊರು. ಗಣಿ ಕೆಳಗೆ ಹಬ್ಬಿ ನೆಲ ಕುಸಿಯುತ್ತಿದೆ ಅಂತ ಊರನ್ನೇ ಬೇರೆ ಕಡೆ ಸಾಗಿಸುತ್ತಿದ್ದಾರೆ. ನಾವು ಬಂದ ಮೇಲೆ, ಆಗಸ್ಟ್‌ನಲ್ಲಿ, 1912ರ ಮರದ ಚರ್ಚನ್ನು ಇಡಿಯಾಗಿ ಗಾಲಿಗಳ ಮೇಲಿಟ್ಟು ಸುಮಾರು 5 ಕಿ.ಮೀ. ಒಯ್ದರು. ಆ ಸೀಮೆಯಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರಿದ್ದಾರೆ. ರೆಂಬೆ ಮುರಿಯಬೇಡ ಅನ್ನುವ ದೇಶದಲ್ಲೇ ಅವರ ಮೇವಿನ ದಾರಿಗಳಿಗೆ ಗಣಿ ಅಡ್ಡ ಬಂದಿದೆ. ಇದನ್ನು ಬಿಟ್ಟು ಬರೀ ಒಳ್ಳೆಯದನ್ನೇ ಬರೆದರೆ ಸುಳ್ಳಾಗುತ್ತದೆ.

ಅಬಿಸ್ಕೋದಲ್ಲಿ ಮೂರು ರಾತ್ರಿ ಇದ್ದೆವು. ರಾತ್ರಿ ಅಂತ ಹೇಳುವುದು ಲೆಕ್ಕಕ್ಕೆ. ಆರ್ಕ್‌ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರದ ಊರು, ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮೊದಲ ದಿನ ಖುಷಿ, ಎರಡನೇ ದಿನ ತಲೆನೋವು. ಕಿಟಕಿಗೆ ನನ್ನ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ ಮೇಲೆ ನಿದ್ದೆ ಬಂತು. ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ, ಸೊಳ್ಳೆಗೆ ಹಚ್ಚುವ ಎಣ್ಣೆಯನ್ನೂ ಒಯ್ಯಿರಿ. ಜೂನ್ ಕೊನೆಯಲ್ಲಿ ಸೊಳ್ಳೆ ವಿಪರೀತ. ಕಡೆಯ ರಾತ್ರಿ ಗುಡ್ಡ ಹತ್ತಿ ಒಂದೂವರೆಗೆ ಆಯಿಗೆ (ಅಮ್ಮನಿಗೆ) ವಿಡಿಯೋ ಕರೆ ಮಾಡಿದೆ. ಊರಲ್ಲಿ ಬೆಳಗಿನ ಐದು ಗಂಟೆ, ಆಯಿ ಎದ್ದು ಒಲೆ ಹೊತ್ತಿಸಿದ್ದಳು. ಉತ್ತರದ ಕಡೆ ಇದ್ದ ಸೂರ್ಯನನ್ನು ತೋರಿಸಿದೆ.

"ತಮಾ, ಕತ್ಲೇ ಆಗ್ತಿಲ್ಯನ ಅಲ್ಲಿ?" ಅಂದಳು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಹಕ್ಕಿ ಯಾವಾಗ ಮಲಗ್ತ?" ಅಂತ ಕೇಳಿದಳು. ಹಕ್ಕಿಗಳು ಆಗಲೂ ಕೂಗುತ್ತಿದ್ದವು. ನನಗೆ ಉತ್ತರ ಗೊತ್ತಿರಲಿಲ್ಲ.

ನಾರ್ವೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ಎಲ್ಲರೂ ಬರೆದಿದ್ದಾರೆ. ನಾರ್ವಿಕ್‌ನಿಂದ ಬುಡೋಗೆ ಬಸ್, ನಡುವೆ ಬಸ್ಸೇ ದೋಣಿ ಹತ್ತಿ ಫಿಯೋರ್ಡ್ ದಾಟುತ್ತದೆ. ಅಲ್ಲಿಂದ ಟ್ರೋಂಡ್‌ಹೈಮ್‌ವರೆಗೆ 729 ಕಿ.ಮೀ. ರೈಲು. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇದೇ ಒಳ್ಳೆಯ ದಿನ. ಮರವಿಲ್ಲದ ಎತ್ತರದ ಬಯಲಲ್ಲಿ ಆರ್ಕ್‌ಟಿಕ್ ವೃತ್ತ ದಾಟುತ್ತೇವೆ, ಜೂನ್ ಕೊನೆಯಲ್ಲೂ ಅಲ್ಲಲ್ಲಿ ಹಿಮ. ಎಲ್ಲರೂ ಹೊಗಳುವ ಫ್ಲೋಮ್ ರೈಲು 20 ಕಿ.ಮೀ.ಯಲ್ಲಿ 860 ಮೀಟರ್‌ಗೂ ಮೇಲೆ ಏರಿಳಿಯುತ್ತದೆ, ನಿಜಕ್ಕೂ ಚೆಂದ. ಆದರೆ ಕೆಳಗೆ ದೊಡ್ಡ ಹಡಗು ನಿಂತ ದಿನ ಹೋದರೆ ಜಾತ್ರೆಯಷ್ಟು ಜನ.

ಜುಲೈ ಎರಡನೇ ವಾರ ಬೆಂಗಳೂರಿಗೆ ಇಳಿದು, ರಾತ್ರಿ ಬಸ್ಸಿಗೇ ಶಿರಸಿಗೆ ಹೊರಟೆವು. ಮನೆ ತಲುಪಿದ ದಿನ ಕರೆಂಟ್ ಇರಲಿಲ್ಲ. ಧೋ ಅಂತ ಮಳೆ. ಸಂಜೆ ಏಳೂವರೆಗೆಲ್ಲ ಗಾಢ ಕತ್ತಲೆ, ಸುತ್ತ ಕಪ್ಪೆಗಳ ವಟವಟ. ಎಷ್ಟು ದಿನದ ಮೇಲೆ ಅಂಥ ಕತ್ತಲೆ! ಹನ್ನೊಂದು ತಾಸು ಮಲಗಿದೆ.

ಎದ್ದವನು ಕೊಪ್ಪೆ ಹಾಕಿಕೊಂಡು ಆಯಿ ಜೊತೆ ಬೆಟ್ಟಕ್ಕೆ ಹೋದೆ. ಮಳೆಗಾಲವೇ ಉಪ್ಪಾಗೆ ಹಣ್ಣಾಗುವ ಕಾಲ. ಸಿಪ್ಪೆಯನ್ನು ಹೊಗೆಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆಗೆ ಒಳ್ಳೆ ರೇಟು ಬಂದ ಕಾಲದಲ್ಲಿ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೆಡವಿದವರಿದ್ದರು. ಇನ್ನೊಬ್ಬರು ಒಯ್ಯುವ ಮೊದಲು ನಾನು ಒಯ್ಯಬೇಕು ಅನ್ನುವ ಅವಸರ. ನಮ್ಮ ಬೆಟ್ಟದ ದೊಡ್ಡ ಮರಕ್ಕೆ ಒಂದು ಮಗ್ಗುಲಲ್ಲಿ ಕೊಂಬೆಯೇ ಇಲ್ಲ. 1983ರಲ್ಲಿ ಸಾಲ್ಕಣಿ ಹತ್ತಿರ ಜನ ಮರ ಅಪ್ಪಿಕೊಂಡು ಉಳಿಸಿದ ಸೀಮೆ ಇದು. ಅದೇ ಸೀಮೆಯಲ್ಲಿ ಈ ಮೋಟು ಕೊಂಬೆ ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಪ್ಪ ಯಾವತ್ತೂ ಬಿದ್ದಿದ್ದನ್ನೇ ಹೆಕ್ಕಿಸುತ್ತಿದ್ದರು. ಅವರು ಸಂವಿಧಾನ ಓದಿ ಹೇಳಿದ್ದಲ್ಲ.

ಉಂಬಳ ಕಿತ್ತುಕೊಳ್ಳುತ್ತ ಅರ್ಧ ಹೆಡಿಗೆ ಹೆಕ್ಕಿದೆವು. ವಾಪಸು ಬರುವಾಗ ದಣಪೆ (ಬೇಲಿಯ ಗೇಟು) ಹತ್ತಿರ ಇಬ್ಬರು ಹುಡುಗರು ನಿಂತಿದ್ದರು, ಹೆಗಲಲ್ಲಿ ಶಾಲೆ ಚೀಲ. ಬಿದ್ದ ಉಪ್ಪಾಗೆ ಹಣ್ಣು ಕೈಯಲ್ಲಿತ್ತು. ನನ್ನನ್ನು ಕಂಡದ್ದೇ ಹಣ್ಣು ಬಿಸಾಡಿ ಓಡಿದರು. ಆ ಸ್ವೀಡನ್ನಿನ ಕಾಡಲ್ಲಿ ನಾನು ತಟ್ಟನೆ ಎದ್ದು ನಿಂತ ಹಾಗೆಯೇ. ಬನ್ರೋ, ಮೇಲೆ ಇನ್ನೂ ಇದೆ ಅಂತ ಕೂಗಿದೆ. ಅವರು ತಿರುಗಿ ನೋಡಲಿಲ್ಲ.

"ನಿನ್ನ ಗುರ್ತ ಇಲ್ಲೆ ಅವ್ಕೆ" ಅಂದಳು ಆಯಿ. ಹೆಡಿಗೆಯಿಂದ ಒಳ್ಳೊಳ್ಳೆಯ ನಾಲ್ಕು ಹಣ್ಣು ಆರಿಸಿ, ದಣಪೆ ಪಕ್ಕದ ಕಲ್ಲಿನ ಮೇಲೆ ಇಟ್ಟು ಮನೆ ಕಡೆ ನಡೆದಳು.