ಬೋರ್ ಪಟ್ಟಣದ ಹಾಜರಿ ಪುಸ್ತಕ: ದಕ್ಷಿಣ ಸುಡಾನಿನಲ್ಲಿ ನನ್ನ ಅನುಭವ

ದಕ್ಷಿಣ ಸುಡಾನಿನ ಜೋಂಗ್ಲೆ ರಾಜ್ಯದ ಬೋರ್ ಪಟ್ಟಣಕ್ಕೆ ನಾನು ಶಿಕ್ಷಕರ ತರಬೇತುದಾರನಾಗಿ ಹೋದದ್ದು 2019ರಲ್ಲಿ. ಅದಕ್ಕೂ ಮೊದಲು ಮೈಸೂರು ಜಿಲ್ಲೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯ ಸಂಪನ್ಮೂಲ ವ್ಯಕ್ತಿಯಾಗಿ ಹಲವು ವರ್ಷ ದುಡಿದಿದ್ದೆ. ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ಅನುಭವ ಇದ್ದದ್ದರಿಂದಲೇ ನನ್ನನ್ನು ಅಲ್ಲಿಗೆ ಆರಿಸಿದ್ದರು.

ನಾನು ಹೆಚ್ಚಾಗಿ ಕೆಲಸ ಮಾಡಿದ್ದು ಊರಂಚಿನ ಒಂದು ಪ್ರಾಥಮಿಕ ಶಾಲೆಯಲ್ಲಿ. 2011ರ ಜುಲೈ 9ರಂದು ಸ್ವತಂತ್ರವಾದ ಈ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಕೆಲವೇ ವಾರಗಳಲ್ಲಿ ಬೋರ್ ಪಟ್ಟಣ ಹಲವು ಬಾರಿ ಕೈ ಬದಲಾಯಿಸಿತು. ಜನರು ದೋಣಿ ಹತ್ತಿ ಬಿಳಿ ನೈಲ್ ನದಿಯ ಆಚೆ ದಡಕ್ಕೆ ಓಡಿದರು. ಆ ಶಾಲೆಯ ಹಿರಿಯ ಉಪಾಧ್ಯಾಯರು ಓಡುವ ಮುನ್ನ ಹಾಜರಿ ಪುಸ್ತಕವನ್ನು ಎಣ್ಣೆಯ ತಗಡಿನ ಡಬ್ಬಿಯೊಳಗಿಟ್ಟು ಮಣ್ಣಿನಲ್ಲಿ ಹೂತಿದ್ದರು. ಅಂಚು ಗೆದ್ದಲು ತಿಂದಿದ್ದ ಆ ಪುಸ್ತಕವನ್ನು ನಾನು ಹೋದ ಮೊದಲ ದಿನವೇ ತೆಗೆದು ತೋರಿಸಿದರು. ಸತ್ತ ಮಕ್ಕಳ ಹೆಸರಿನ ಮುಂದೆ ಸಣ್ಣ ಶಿಲುಬೆಯ ಗುರುತಿತ್ತು. ಉಗಾಂಡಕ್ಕೋ ಕೆನ್ಯಾಕ್ಕೋ ಹೋದವರ ಹೆಸರಿನ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟಿದ್ದರು. ಎಲ್ಲರೂ ಆ ಹಿರಿಯ ಉಪಾಧ್ಯಾಯರನ್ನು ‘ಉಸ್ತಾಜ್’ ಎಂದೇ ಕರೆಯುತ್ತಿದ್ದರು. ಅಲ್ಲಿ ಆಡುವ ಜೂಬಾ ಅರೇಬಿಕ್‌ನಲ್ಲಿ ಅದು ಮೇಷ್ಟ್ರು ಎಂಬ ಮಾತು.

ಆ ದೇಶದ ಶಾಲೆಗಳ ಬಿಕ್ಕಟ್ಟು ಏನೆಂದು ನನಗೆ ತಿಳಿದದ್ದು ಉಸ್ತಾಜರ ಸಂಬಳದಿಂದ. ಸರ್ಕಾರದ ಸಂಬಳ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಬಂದಾಗಲೂ ಹಣದ ಬೆಲೆ ಕುಸಿದು ಮನೆಗೆ ಜೋಳ ತರಲು ಸಾಲುತ್ತಿರಲಿಲ್ಲ. 2017ರಿಂದ ಕೆಲಕಾಲ ಯೂರೋಪಿಯನ್ ಒಕ್ಕೂಟ ಪ್ರಾಥಮಿಕ ಶಿಕ್ಷಕರಿಗೆ ತಿಂಗಳಿಗೆ 40 ಡಾಲರ್ ಕೊಟ್ಟದ್ದರಿಂದ ಹಲವರು ಮರಳಿ ತರಗತಿಗೆ ಬಂದಿದ್ದರು. ಅಂಥ ಆಸರೆ ನಿಂತರೆ ಯಾರು ಉಳಿಯುತ್ತಾರೆ ಎಂಬ ಅಳುಕು ನನಗೆ ಸದಾ ಇತ್ತು. ತರಬೇತಿ ಎಷ್ಟೇ ಚೆನ್ನಾಗಿದ್ದರೂ ಹಸಿದ ಉಪಾಧ್ಯಾಯರಿಗೆ ಅದನ್ನು ಕೊಡುವುದು ನ್ಯಾಯವಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

2020ರ ಫೆಬ್ರವರಿಯಲ್ಲಿ ಕಾದಾಡುತ್ತಿದ್ದ ಬಣಗಳು ಸೇರಿ ಏಕತಾ ಸರ್ಕಾರ ರಚನೆಯಾದಾಗ ಊರಿನಲ್ಲಿ ನೆಮ್ಮದಿಯ ಗಾಳಿ ಬೀಸಿತ್ತು. ಒಂದು ತಿಂಗಳು ಕಳೆಯುವುದರೊಳಗೆ, ದೇಶದಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾಗುವ ಮುನ್ನವೇ, ಎಲ್ಲ ಶಾಲೆಗಳನ್ನು ಮುಚ್ಚಲಾಯಿತು. ಅದಕ್ಕೆ ಮೊದಲೇ ಸುಮಾರು 22 ಲಕ್ಷ ಮಕ್ಕಳು ಶಾಲೆಯಿಂದ ಹೊರಗಿದ್ದರು. ವಿಮಾನಗಳು ನಿಂತವು; ನಾನು ಬೋರ್‌ನಲ್ಲೇ ಉಳಿದೆ.

ಶಿಕ್ಷಣ ಸಚಿವಾಲಯ ಯುನಿಸೆಫ್ ನೆರವಿನಿಂದ ರೇಡಿಯೊ ಪಾಠಗಳನ್ನು ಆರಂಭಿಸಿತು. ಬೋರ್‌ನಲ್ಲಿ ನಾವು ಹಿಡಿ ತಿರುಗಿಸಿ ಚಾರ್ಜ್ ಮಾಡುವ, ಬಿಸಿಲಿಗಿಟ್ಟರೂ ನಡೆಯುವ ಪುಟ್ಟ ರೇಡಿಯೊಗಳನ್ನು ಮನೆಗಳಿಗೆ ಹಂಚಿದೆವು. ಮೂರು ವಾರಗಳ ನಂತರ ಮನೆ ಮನೆಗೆ ಹೋಗಿ ನೋಡಿದಾಗ ನಮ್ಮ ಎಣಿಕೆ ತಪ್ಪಿತ್ತು. ಪಾಠದ ಹೊತ್ತಿಗೆ ರೇಡಿಯೊ ಮನೆಯ ಗಂಡಸರ ಬಳಿ ಸುದ್ದಿ ಕೇಳಲು ಹೋಗಿರುತ್ತಿತ್ತು, ಹುಡುಗಿಯರು ನೀರಿಗೆ ಹೋಗಿರುತ್ತಿದ್ದರು, ಹುಡುಗರು ದನಗಳ ಬಿಡಾರದಲ್ಲಿರುತ್ತಿದ್ದರು. ಕೂತು ಕೇಳಿದ ಕೆಲವರಿಗೂ ಇಂಗ್ಲಿಷ್ ಪಾಠದ ವೇಗ ಹಿಡಿಯಲಾಗುತ್ತಿರಲಿಲ್ಲ. ಆ ದೇಶದಲ್ಲಿ ಮೊದಲ ಮೂರು ತರಗತಿ ತಾಯ್ನುಡಿಯಲ್ಲಿ, ನಾಲ್ಕನೆಯದರಿಂದ ಇಂಗ್ಲಿಷಿನಲ್ಲಿ ಕಲಿಸಬೇಕೆಂಬ ನಿಯಮವಿದೆ. ನಾಲ್ಕನೆಯ ತರಗತಿಯ ಮಗುವಿಗೆ ಎದುರಿಗೆ ಮುಖವೇ ಇಲ್ಲದೆ ಹೊಸ ಭಾಷೆಯೊಂದು ಪೆಟ್ಟಿಗೆಯೊಳಗಿಂದ ಬಂದರೆ ಅದು ಹೇಗೆ ತಾನೇ ಕಲಿತೀತು?

ಉಸ್ತಾಜರೇ ದಾರಿ ತೋರಿದರು. “ರೇಡಿಯೊವನ್ನು ಮನೆಗೆ ಕೊಡಬೇಡಿ, ಮೇಷ್ಟ್ರಿಗೆ ಕೊಡಿ. ಮೇಷ್ಟ್ರು ಮರದ ಕೆಳಗೆ ಬರಲಿ” ಎಂದರು. ಸ್ಥಳೀಯ ಅಧಿಕಾರಿಗಳ ಒಪ್ಪಿಗೆ ಪಡೆದು, ಸಣ್ಣ ಗುಂಪುಗಳನ್ನು ಮಾಡಿ, ಕೈ ತೊಳೆಯಲು ಮರಕ್ಕೊಂದು ಜೆರ್ರಿಕ್ಯಾನ್ ಕಟ್ಟಿ ಕೆಲಸ ಆರಂಭಿಸಿದೆವು. ಪಾಠಕ್ಕೆ ಮುಂಚೆ ಉಸ್ತಾಜರು ಅಂದಿನ ಐದಾರು ಹೊಸ ಪದಗಳನ್ನು ಮಕ್ಕಳ ಮನೆಮಾತಾದ ಡಿಂಕಾ ಭಾಷೆಯಲ್ಲಿ ವಿವರಿಸುತ್ತಿದ್ದರು. ಪ್ರಸಾರದ ವೇಳೆ ಮಕ್ಕಳು ಸರದಿಯ ಮೇಲೆ ಹಿಡಿ ತಿರುಗಿಸುತ್ತಿದ್ದರು. ಮುಗಿದ ಮೇಲೆ ರೇಡಿಯೊ ಆರಿಸಿ ನಿಜವಾದ ಪಾಠ ಶುರುವಾಗುತ್ತಿತ್ತು. ಅಲ್ಲಿ ನಾನು ನಲಿ-ಕಲಿಯ ತಟ್ಟೆಗಳನ್ನು, ಅಂದರೆ ಕಲಿಕೆಯ ಮಟ್ಟಕ್ಕೆ ತಕ್ಕ ಗುಂಪುಗಳನ್ನು, ತಂದೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರಿಂದ ಹಿಡಿದು ಸ್ವಕಲಿಕೆಯವರವರೆಗೆ ನಮ್ಮಲ್ಲಿ ಐದು ಗುಂಪುಗಳಿದ್ದರೆ, ಅಲ್ಲಿ ಮೂರು ಸಾಕಾದವು. ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಹಸು, ಮೀನು, ದೋಣಿಯ ಚಿತ್ರಗಳ ಕಾರ್ಡುಗಳನ್ನು ಮಾಡಿದೆವು. ಹದಿನಾಲ್ಕು ವರ್ಷದ ಹುಡುಗನೊಬ್ಬ ಎಂಟು ವರ್ಷದವರ ಜೊತೆ ಕೂತು ಅಕ್ಷರ ಕಲಿಯಲು ನಾಚುತ್ತಿದ್ದ. ಕಾರ್ಡಿನಲ್ಲಿದ್ದ ಎತ್ತಿನ ಮೈಬಣ್ಣಕ್ಕೆ ಡಿಂಕಾದಲ್ಲಿ ಬೇರೆಯೇ ಹೆಸರಿದೆ ಎಂದು ಅವನೇ ನಮ್ಮನ್ನು ತಿದ್ದಿದ; ಆ ಹೆಸರನ್ನು ಬರೆದುಕೊಡಲು ಅವನಿಗೇ ಹೇಳಿದೆವು, ಆಮೇಲೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ‘ವಿದ್ಯಾಗಮ’ ಯೋಜನೆ ಆರಂಭವಾಗಿ, ನನ್ನ ಹಳೆಯ ಸಹೋದ್ಯೋಗಿಗಳೂ ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡುತ್ತಿದ್ದ ಸುದ್ದಿ ಫೋನಿನಲ್ಲಿ ಬಂದಾಗ ನನಗೆ ಬಹಳ ಧೈರ್ಯ ಬಂತು.

ಆದರೆ ಮಳೆ ನಿಲ್ಲಲಿಲ್ಲ. ನದಿಯ ಒಡ್ಡುಗಳು ಒಡೆದು ನೀರು ಊರಿಗೆ ನುಗ್ಗಿತು. ನಮ್ಮ ಮರದ ಬುಡ ಮುಳುಗಿತು, ಎತ್ತರದಲ್ಲಿದ್ದ ಶಾಲಾ ಕೋಣೆಗಳಲ್ಲಿ ಮನೆ ಕಳೆದುಕೊಂಡವರು ಒಲೆ ಹೂಡಿದರು. ಗುಂಪುಗಳು ಚದುರಿದವು. ಅಕ್ಟೋಬರ್‌ನಲ್ಲಿ ಎಂಟನೆಯ ತರಗತಿ ಹಾಗೂ ಪ್ರೌಢಶಾಲೆಯ ಕೊನೆಯ ವರ್ಷದವರಿಗಷ್ಟೇ ಶಾಲೆ ತೆರೆಯಲು ಅನುಮತಿ ಸಿಕ್ಕಿತು.

2021ರ ಆರಂಭದಲ್ಲಿ ಉಸ್ತಾಜರು ಮತ್ತು ನಾನು ಹಾಜರಿ ಪುಸ್ತಕ ಹಿಡಿದು ಪ್ರತಿ ಹೆಸರನ್ನೂ ಹುಡುಕುತ್ತ ಹೊರಟೆವು. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ನಡಿಗೆಯೇ. ಹುಡುಗಿಯರ ವಿಷಯದಲ್ಲಿ ಎದೆ ಭಾರವಾಯಿತು. ಅಲ್ಲಿ ವಧುವಿನ ಮನೆಯವರಿಗೆ ವಧುದಕ್ಷಿಣೆಯಾಗಿ ದನಗಳನ್ನು ಕೊಡುತ್ತಾರೆ. ನೆರೆ ಬಂದು, ಅನ್ನ ಕಡಿಮೆಯಾಗಿ, ಶಾಲೆಯೂ ಇಲ್ಲದಾಗ ಮದುವೆ ಬೇಗ ಗೊತ್ತಾಗುತ್ತಿತ್ತು. ತಂದೆಯ ಜೊತೆ ಮಾತಾಡುವ ಮೊದಲು ತಾಯಿಯ ತಮ್ಮನನ್ನು ಒಪ್ಪಿಸಬೇಕೆಂದು ಉಸ್ತಾಜರು ಹೇಳಿಕೊಟ್ಟರು, ಕೆಲವು ಮನೆಗಳಲ್ಲಿ ಅದು ನಡೆಯಿತು. ಒಬ್ಬಳು ಆಗಲೇ ಕೂಸು ಎತ್ತಿಕೊಂಡಿದ್ದಳು. ಕೂಸಿನೊಂದಿಗೇ ಬರಬಹುದು, ಹಿಂದಿನ ಸಾಲಿನಲ್ಲಿ ಚಾಪೆ ಹಾಸುತ್ತೇವೆ ಎಂದೆವು. ಅವಳು ಉತ್ತರ ಕೊಡಲಿಲ್ಲ, ಪುಸ್ತಕದಲ್ಲಿ ತನ್ನ ಹೆಸರು ಇನ್ನೂ ಇದೆಯೇ ಎಂದಷ್ಟೇ ಕೇಳಿದಳು.

ಮೇ 3ರಂದು ದೇಶದ ಎಲ್ಲ ಶಾಲೆಗಳೂ ತೆರೆದವು. ನಮ್ಮ ಎರಡು ಕೋಣೆಗಳಲ್ಲಿ ನೆರೆಯ ಕೆಸರು ಇನ್ನೂ ಒಣಗಿರಲಿಲ್ಲವಾದ್ದರಿಂದ ಮರದ ಕೆಳಗೇ ಸೇರಿದೆವು. ಉಸ್ತಾಜರು ನಿಧಾನವಾಗಿ ಹಾಜರಿ ಕರೆದರು. ಬಾರದವರ ಹೆಸರನ್ನೂ ಬಿಡದೆ ಕರೆದು, ಒಂದು ಕ್ಷಣ ಕಾದು, ಮುಂದಕ್ಕೆ ಹೋಗುತ್ತಿದ್ದರು. ಹಿಂದಿನ ಸಾಲಿನ ಚಾಪೆಯ ಮೇಲೆ ಕೂಸು ಮಲಗಿತ್ತು.